ವೈಎಸ್ಸಾರ್ ಹೆಲಿಕಾಪ್ಟರ್ ಕಾಣೆಯಾದ ದಿನ

ನಾನು ಹೈದರಾಬಾದಿಗೆ ಬಂದು ಮೂವತ್ತು ವರ್ಷವಾಯಿತು. ಈ ಊರು ಉಸಿರು ಬಿಗಿಹಿಡಿದು ಕೂತಿದ್ದನ್ನು ಕಂಡಿದ್ದು ಒಮ್ಮೆ ಮಾತ್ರ, 2009ರ ಸೆಪ್ಟೆಂಬರ್ 2ರಂದು. ಬೆಳಗ್ಗೆ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಗೆ ಹೊರಟ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಕಾಣೆಯಾಗಿತ್ತು. ರಾತ್ರಿಯಿಡೀ ನಮ್ಮ ಬೀದಿಯಲ್ಲಿ ಯಾರ ಮನೆಯ ಟಿವಿಯೂ ಆರಲಿಲ್ಲ. ಮರುದಿನ ಐವರೂ ತೀರಿಕೊಂಡ ಸುದ್ದಿ ಬಂತು. 4ರಂದು ಲಾಲ್ ಬಹಾದ್ದೂರ್ ಸ್ಟೇಡಿಯಂನಲ್ಲಿ ಜನವೋ ಜನ.

ಒಬ್ಬ ರಾಜಕಾರಣಿಗಾಗಿ ಇಷ್ಟು ಅಳುವುದೇ ಅಂದುಕೊಂಡಿದ್ದೆ. ನಮ್ಮ ಬೀದಿಯ ಆಟೋದವರು ತಮ್ಮ ತಂದೆಯ ಹಾರ್ಟ್ ಆಪರೇಷನ್ ಆರೋಗ್ಯಶ್ರೀಯಲ್ಲಿ ಆಗಿದ್ದನ್ನು ಹೇಳಿದರು ನೋಡಿ, ಸುಮ್ಮನಾದೆ.

ಅದೇ ದುಃಖ 2010ರ ಜನವರಿಯಲ್ಲಿ ಸಿಟ್ಟಾಯಿತು. ಯಾವುದೋ ವೆಬ್‌ಸೈಟಿನ ಸಂಚಿನ ಕಥೆಯನ್ನು ತೆಲುಗು ಚಾನೆಲ್ ತೋರಿಸಿದ್ದೇ ತಡ, ರಿಲಯನ್ಸ್ ಮಳಿಗೆಗಳ ಮೇಲೆ ಕಲ್ಲು ಬಿದ್ದವು. ತನಿಖೆ ಹೇಳಿದ್ದೇ ಬೇರೆ: ಆಯಿಲ್ ಪ್ರೆಷರ್ ಎಚ್ಚರಿಕೆಯ ದೀಪ ಹತ್ತಿತ್ತು, ಪೈಲಟ್‌ಗಳು ಅದಕ್ಕೆ ಪುಸ್ತಕದಲ್ಲಿ ಪರಿಹಾರ ಹುಡುಕುತ್ತಿದ್ದರು, ಸುತ್ತ ಕೆಟ್ಟ ಹವೆ.

ಅಷ್ಟು ದೊಡ್ಡ ಸಾವಿಗೆ ಇಷ್ಟು ಸಣ್ಣ ಕಾರಣವೇ? ಆಟೋದವರು ಇಂದಿಗೂ ಒಪ್ಪುವುದಿಲ್ಲ. ನಾನೂ ವಾದಕ್ಕಿಳಿಯುವುದಿಲ್ಲ. ಆದರೆ ಆ ಕಲ್ಲುಗಳನ್ನು ನೆನೆದಾಗಲೆಲ್ಲ, ಯಾರಾದರೂ ಆಗಲೇ ವಾದ ಮಾಡಬೇಕಿತ್ತು ಅನಿಸುತ್ತದೆ.