ಹಿಡಿಸದ ವೈನ್: ಬಾಟಲಿಯನ್ನು ಏನು ಮಾಡಬೇಕು?

ಬೀದರ ನಗರದ ಗಾಂಧಿ ಗಂಜಕ್ಕೆ ತೊಗರಿ, ಹೆಸರು, ಉದ್ದು, ಕಡಲೆಯ ಚೀಲಗಳು ಬಂದಿಳಿದಾಗ ಖರೀದಿದಾರರು ಮೊದಲು ಹಿಡಿ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತಾರೆ. ಕಾಳು ಹಸಿಯಾಗಿದೆಯೇ, ಹುಳು ತಿಂದಿದೆಯೇ, ಕಸ ಎಷ್ಟಿದೆ ಎಂಬುದನ್ನು ಪರೀಕ್ಷಿಸಿದ ಮೇಲೆಯೇ ದರದ ಮಾತು. ವೈನ್ ಕೊಳ್ಳುವವರಿಗೆ ಈ ಅನುಕೂಲವಿಲ್ಲ. ಹಣ ಕೊಟ್ಟು, ಮನೆಗೆ ತಂದು, ಬಿರಡೆ ತೆಗೆದ ಮೇಲೆಯೇ ಒಳಗಿನ ರುಚಿ ತಿಳಿಯುವುದು. ಉಡುಗೊರೆಯಾಗಿ ಬಂದ ಬಾಟಲಿಯಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ.

ಹೀಗೆ ಬಂದು ಹಿಡಿಸದೆ ಉಳಿದ ಬಾಟಲಿಯನ್ನು ದುಡ್ಡು ಕೊಟ್ಟದ್ದಕ್ಕಾಗಿ ಕುಡಿದು ಮುಗಿಸುವುದು, ಇಲ್ಲವೇ ಅತಿಥಿಗಳ ಮೇಲೆ ಹೇರುವುದು ರೂಢಿ. ಇವೆರಡೂ ಸರಿಯಾದ ಮಾರ್ಗಗಳಲ್ಲ. ವೈನ್ ಕೆಟ್ಟಿದೆಯೋ, ಬಡಿಸಿದ ಕ್ರಮ ತಪ್ಪಿದೆಯೋ ಅಥವಾ ಅದು ತಮ್ಮ ರುಚಿಯದಲ್ಲವೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಈ ಮೂರಕ್ಕೂ ಪರಿಹಾರಗಳು ಬೇರೆ ಬೇರೆ.

ಹಿಡಿಸದಿರುವುದೇಕೆ?

ರಾಜ್ಯದ ಬಹುಭಾಗದಲ್ಲಿ ‘ವೈನ್ ಶಾಪ್’ ಎಂದರೆ ಬ್ರಾಂದಿ, ವಿಸ್ಕಿ, ರಮ್ ಮಾರುವ ಅಂಗಡಿ. ದ್ರಾಕ್ಷಿಯಿಂದ ತಯಾರಾದ ನಿಜವಾದ ವೈನ್‌ಗೆ ಅಲ್ಲಿ ದೊರೆಯುವುದು ಮೂಲೆಯ ಸ್ಥಾನ ಮಾತ್ರ. ‘ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’ 2007ರಲ್ಲಿ ಜಾರಿಗೆ ಬಂದ ನಂತರ ನಂದಿ ಕಣಿವೆ ಹಾಗೂ ಕೃಷ್ಣಾ ಕಣಿವೆಯ ವೈನ್‌ಗಳು ಹೆಚ್ಚು ಜನರನ್ನು ತಲುಪಿದವು.

ಅನೇಕರು ಮೊದಲು ಸವಿದಿರುವುದು ಬೆಂಗಳೂರು ನೀಲಿ ದ್ರಾಕ್ಷಿಯಂಥ ತಳಿಗಳಿಂದ ತಯಾರಾದ, ಸಿಹಿಯಾದ ‘ಪೋರ್ಟ್’ ಬಗೆಯ ವೈನ್. ಆ ನಾಲಿಗೆಗೆ ಕ್ಯಾಬರ್ನೆ ಸೊವಿನ್ಯೋಂ ಅಥವಾ ಶಿರಾಜ್ ದ್ರಾಕ್ಷಿಯ, ಸಕ್ಕರೆಯಂಶವಿಲ್ಲದ ‘ಡ್ರೈ’ ಕೆಂಪು ವೈನ್ ಹುಳಿಯಾಗಿ, ಒಗರಾಗಿ ತೋರುವುದು ಸಹಜ. ಒಗರಿಗೆ ಕಾರಣ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್. ಇದು ದೋಷವಲ್ಲ, ಆ ವೈನ್‌ನ ಗುಣ.

ದೋಷವನ್ನು ಗುರುತಿಸುವ ಬಗೆ

ನಿಜವಾಗಿ ಕೆಟ್ಟ ವೈನ್ ವಾಸನೆಯಿಂದಲೇ ಪತ್ತೆಯಾಗುತ್ತದೆ.

* ಒದ್ದೆ ರಟ್ಟಿನ ಅಥವಾ ಮುಗ್ಗಲು ವಾಸನೆ: ಬಿರಡೆಯ ಮೂಲಕ ಸೇರುವ ಟಿಸಿಎ ಎಂಬ ರಾಸಾಯನಿಕ ಇದಕ್ಕೆ ಕಾರಣ. ಆರೋಗ್ಯಕ್ಕೆ ಹಾನಿಯಿಲ್ಲ, ಆದರೆ ಗಾಳಿಗೆ ಇಟ್ಟರೂ ವಾಸನೆ ಹೋಗದು. ತಿರುಪು ಮುಚ್ಚಳದ ಬಾಟಲಿಗಳಲ್ಲಿ ಇದು ವಿರಳ.
* ಬಣ್ಣ ಕಂದಾಗಿ, ಜಜ್ಜಿದ ಸೇಬಿನ ವಾಸನೆ: ಆಮ್ಲಜನಕದ ಸಂಪರ್ಕದಿಂದ ವೈನ್ ಸಪ್ಪೆಯಾಗಿದೆ.
* ವಿನೆಗರ್ ಅಥವಾ ಉಗುರು ಬಣ್ಣದ ವಾಸನೆ: ಬ್ಯಾಕ್ಟೀರಿಯಾಗಳು ಈಗಾಗಲೇ ಕೆಲಸ ಆರಂಭಿಸಿವೆ.
* ಬಿರಡೆ ಮೇಲೆದ್ದಿರುವುದು, ಕುದಿಸಿದ ಹಣ್ಣಿನ ವಾಸನೆ: ಬಾಟಲಿ ಬಿಸಿಗೆ ಸಿಕ್ಕಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಬೀದರ, ಭಾಲ್ಕಿ, ಔರಾದ್ ಕಡೆ ಈ ದೋಷದ ಬಗ್ಗೆ ವಿಶೇಷ ಎಚ್ಚರ ಅಗತ್ಯ.
* ಕೊಳೆತ ಮೊಟ್ಟೆ ಅಥವಾ ಸುಟ್ಟ ಬೆಂಕಿಕಡ್ಡಿಯ ವಾಸನೆ: ಗಂಧಕದ ಸಂಯುಕ್ತಗಳಿಂದ ಬರುವ ಇದು ಅನೇಕ ವೇಳೆ ಗಾಳಿಯಾಡಿದರೆ ಹೋಗುತ್ತದೆ.

ತಳದಲ್ಲಿ ಕಾಣುವ ಗಾಜಿನ ಚೂರಿನಂಥ ಹರಳುಗಳು ಟಾರ್ಟಾರಿಕ್ ಆಮ್ಲದ ಲವಣ, ಅವುಗಳಿಂದ ಅಪಾಯವಿಲ್ಲ. ಆದರೆ ಸೀಲು ಒಡೆದಿದ್ದರೆ, ಲೇಬಲ್ ಅನುಮಾನಾಸ್ಪದವಾಗಿದ್ದರೆ ರುಚಿ ನೋಡುವ ಗೊಡವೆಗೂ ಹೋಗದೆ ಅಬಕಾರಿ ಇಲಾಖೆಗೆ ತಿಳಿಸುವುದು ಕ್ಷೇಮ.

ದೋಷಯುಕ್ತ ಬಾಟಲಿಯನ್ನು ಅಂಗಡಿಗೆ ಹಿಂದಿರುಗಿಸಬೇಕಾದರೆ ರಶೀದಿ ಇರಬೇಕು, ವೈನ್‌ನ ಬಹುಪಾಲು ಬಾಟಲಿಯಲ್ಲೇ ಉಳಿದಿರಬೇಕು. ಅರ್ಧ ಖಾಲಿ ಮಾಡಿ ದೂರುವುದಕ್ಕೆ ಬೆಲೆಯಿಲ್ಲ. ಅಂಗಡಿಯವರು ಒಪ್ಪದಿದ್ದಲ್ಲಿ ಲೇಬಲ್‌ನಲ್ಲಿರುವ ತಯಾರಕರ ವಿಳಾಸಕ್ಕೆ ಬರೆಯಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ. ಆದರೆ ‘ನನಗೆ ಹಿಡಿಸಲಿಲ್ಲ’ ಎಂಬುದು ದೋಷವೆನಿಸದು.

ಬಿಸುಡುವ ಮುನ್ನ ಇನ್ನೊಂದು ಅವಕಾಶ

ಕೆಡದ ವೈನ್ ಹಿಡಿಸದಿರಲು ಬಹಳ ಸಲ ಉಷ್ಣಾಂಶವೇ ಕಾರಣ. ಕೆಂಪು ವೈನ್ ಅನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕು ಎಂಬ ಮಾತು ಯುರೋಪಿನ ತಂಪು ಮನೆಗಳಿಗೆ ಅನ್ವಯಿಸುವಂಥದು. ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ 35 ಡಿಗ್ರಿಯ ಕೋಣೆಯಲ್ಲಿಟ್ಟ ವೈನ್‌ನಿಂದ ಮದ್ಯಸಾರದ ಘಾಟು ಮಾತ್ರ ಮೇಲೇಳುತ್ತದೆ. ಕೆಂಪು ವೈನ್‌ಗೆ 15ರಿಂದ 18 ಡಿಗ್ರಿ, ಬಿಳಿ ವೈನ್‌ಗೆ 8ರಿಂದ 12 ಡಿಗ್ರಿ ಸೂಕ್ತ. ಕೆಂಪು ವೈನ್ ಅನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದರೆ ವ್ಯತ್ಯಾಸ ತಿಳಿಯುತ್ತದೆ.

ಗಾಳಿಯಾಡಿಸುವುದು ಎರಡನೆಯ ಉಪಾಯ. ಬಿರಡೆ ತೆಗೆದಿಟ್ಟ ಮಾತ್ರಕ್ಕೆ ಬಾಟಲಿಯ ಕಿರಿದಾದ ಕತ್ತಿನೊಳಗೆ ಗಾಳಿ ಹೋಗದು. ಅಗಲ ಬಾಯಿಯ ಗಾಜಿನ ಪಾತ್ರೆಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಎಳೆಯ ಕೆಂಪು ವೈನ್‌ನ ಒರಟುತನ ತಗ್ಗುತ್ತದೆ.

ಮೂರನೆಯದು ಊಟದ ಜೊತೆ. ಖಾರದ ಅಡುಗೆಯೊಂದಿಗೆ ಟ್ಯಾನಿನ್ ಹೆಚ್ಚಿರುವ ವೈನ್ ಕುಡಿದರೆ ಖಾರವೂ ಕಹಿಯೂ ಎರಡು ಪಟ್ಟಾದಂತೆ ಭಾಸವಾಗುತ್ತದೆ. ಪುಂಡಿ ಪಲ್ಯದಂಥ ಹುಳಿ, ಕೆಂಪು ಖಾರದ ಚಟ್ನಿಗಳ ಮುಂದೆ ಸೋತ ವೈನ್, ಉಪ್ಪು ಹಚ್ಚಿ ಹುರಿದ ಶೇಂಗಾ, ಪನೀರ್ ಅಥವಾ ಹದವಾದ ಮಸಾಲೆಯ ಕುರಿ ಮಾಂಸದ ಜೊತೆಗೆ ಮೃದುವಾಗುತ್ತದೆ. ಪ್ರೊಟೀನು, ಕೊಬ್ಬು ಮತ್ತು ಉಪ್ಪು ಒಗರನ್ನು ಮರೆಸುವುದೇ ಇದಕ್ಕೆ ಕಾರಣ.

ಇಷ್ಟಾದರೂ ರುಚಿಸದಿದ್ದರೆ ಬೆರಕೆಯ ದಾರಿಯಿದೆ. ಸ್ಪೇನಿನವರು ಕೆಂಪು ವೈನ್‌ಗೆ ಹಣ್ಣಿನ ಹೋಳು ಸೇರಿಸಿ ‘ಸಾಂಗ್ರಿಯ’ ಮಾಡುತ್ತಾರೆ; ಅಲ್ಲಿನ ಬಾಸ್ಕ್ ಪ್ರಾಂತ್ಯದಲ್ಲಿ ಕೋಲಾ ಬೆರೆಸುವ ರೂಢಿಯೂ ಇದೆ. 750 ಮಿ.ಲೀ. ವೈನ್‌ಗೆ ಎರಡು ಕಿತ್ತಳೆ, ಒಂದು ನಿಂಬೆ, ಎರಡು ಮೂರು ಚಮಚ ಸಕ್ಕರೆ ಸೇರಿಸಿ ಕೆಲವು ತಾಸು ಫ್ರಿಜ್‌ನಲ್ಲಿಟ್ಟು, ಸೋಡಾದೊಂದಿಗೆ ಬಡಿಸಬಹುದು. ಚಳಿಗಾಲದಲ್ಲಿ ಲವಂಗ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ ಹಾಗೂ ಸಕ್ಕರೆಯೊಂದಿಗೆ, ಕುದಿಯಲು ಬಿಡದೆ ಬೆಚ್ಚಗೆ ಮಾಡುವುದು ಯುರೋಪಿನ ಹಳೆಯ ಪದ್ಧತಿ.

ಅಡುಗೆಮನೆಯಲ್ಲಿ

ಗಂಜದಲ್ಲಿ ತೊಗರಿಯ ಯಾವ ಭಾಗವೂ ವ್ಯರ್ಥವಾಗದು. ಬೇಳೆ ಒಂದು ದರಕ್ಕೆ, ನುಚ್ಚು ಇನ್ನೊಂದು ದರಕ್ಕೆ, ಹೊಟ್ಟು ದನಗಳಿಗೆ. ಕುಡಿಯಲು ಒಗ್ಗದ ವೈನ್‌ಗೂ ಅಡುಗೆಮನೆಯಲ್ಲಿ ಇಂಥದೇ ಎರಡನೆಯ ದರ್ಜೆಯ ಸ್ಥಾನವಿದೆ. ಮಾಂಸವನ್ನು ನಿಧಾನವಾಗಿ ಬೇಯಿಸುವಾಗ ಒಂದು ಲೋಟ ಕೆಂಪು ವೈನ್ ಸೇರಿಸಿದರೆ ಸಾರು ಗಾಢವಾಗುತ್ತದೆ. ಸಕ್ಕರೆಯೊಂದಿಗೆ ಮೂರನೇ ಒಂದು ಭಾಗಕ್ಕೆ ಇಂಗಿಸಿದರೆ ಹಣ್ಣಿನ ಮೇಲೆ ಸುರಿಯುವ ಪಾಕವಾಗುತ್ತದೆ. ಕ್ರಿಸ್ಮಸ್ ಕೇಕಿಗೆ ಒಣದ್ರಾಕ್ಷಿ ನೆನೆಸಲೂ ಬಳಸಬಹುದು. ತಕ್ಷಣ ಬೇಡವಾದರೆ ಐಸ್ ಅಚ್ಚುಗಳಲ್ಲಿ ಸುರಿದು ಫ್ರೀಜರ್‌ನಲ್ಲಿಟ್ಟುಕೊಳ್ಳಬಹುದು. ಮುಗ್ಗಲು ಹಿಡಿದ ವೈನ್ ಮಾತ್ರ ಅಡುಗೆಗೆ ಬೇಡ.

ಪಾತ್ರೆಯ ಬಗ್ಗೆ ಎಚ್ಚರ ಬೇಕು. ವೈನ್ ಆಮ್ಲೀಯವಾದುದರಿಂದ ಅಲ್ಯೂಮಿನಿಯಂ ಹಾಗೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳು ಸಲ್ಲವು. ಬೀದರದ ಹೆಮ್ಮೆಯಾದ ಬಿದರಿ ಕಲೆಯ ಹೂಜಿಗಳು ಎಷ್ಟೇ ಅಂದವಾಗಿದ್ದರೂ ಅವು ಬಹುಪಾಲು ಸತುವಿನಿಂದಾದ ಮಿಶ್ರಲೋಹದವು. ಆಮ್ಲದಲ್ಲಿ ಸತು ಕರಗುತ್ತದೆ. ಆದ್ದರಿಂದ ಅವುಗಳಲ್ಲಿ ವೈನ್ ಅಥವಾ ವಿನೆಗರ್ ತುಂಬಿಡಬಾರದು.

ಬೇಯಿಸಿದರೆ ಮದ್ಯಸಾರವೆಲ್ಲ ಆವಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 15 ನಿಮಿಷ ಕುದಿಸಿದ ಅಡುಗೆಯಲ್ಲಿ ಸುಮಾರು ಶೇ 40ರಷ್ಟು, ಒಂದು ಗಂಟೆಯ ನಂತರ ಶೇ 25ರಷ್ಟು, ಎರಡೂವರೆ ಗಂಟೆಯ ನಂತರವೂ ಶೇ 5ರಷ್ಟು ಮದ್ಯಸಾರ ಉಳಿದಿರುತ್ತದೆ. ಧರ್ಮ, ವ್ರತ, ಔಷಧೋಪಚಾರ ಅಥವಾ ವ್ಯಸನಮುಕ್ತಿಯ ಕಾರಣಕ್ಕೆ ಮದ್ಯ ತ್ಯಜಿಸಿದವರು ಪಂಕ್ತಿಯಲ್ಲಿದ್ದರೆ ಇದು ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಶರಣರ, ಸೂಫಿಗಳ, ಗುರುದ್ವಾರದ, ಚರ್ಚಿನ ನೆಲೆಯಾದ ಬೀದರದಲ್ಲಿ ಇಂಥವರಿಲ್ಲದ ಬಳಗ ಅಪರೂಪ. ಮೆಥಡಿಸ್ಟ್ ಕ್ರೈಸ್ತರು ಪ್ರಭು ಭೋಜನಕ್ಕೂ ಹುಳಿಯದ ದ್ರಾಕ್ಷಿ ರಸವನ್ನೇ ಬಳಸುವ ಪರಂಪರೆಯವರು. 1869ರಲ್ಲಿ ಅಮೆರಿಕದಲ್ಲಿ ಆ ರಸವನ್ನು ಕೆಡದಂತೆ ಇಡುವ ಕ್ರಮ ರೂಪಿಸಿದ ಥಾಮಸ್ ವೆಲ್ಚ್ ಮೆಥಡಿಸ್ಟನೇ ಆಗಿದ್ದ. ವೈನ್ ಹಾಕಿದ ಅಡುಗೆಯನ್ನು ಹೇಳದೆ ಬಡಿಸುವುದು ವಿಶ್ವಾಸಭಂಗ. ಮಕ್ಕಳಿಗೆ, ಗರ್ಭಿಣಿಯರಿಗೆ ಬಡಿಸಲೇಬಾರದು.

ಸಿರ್ಕಾ ಮಾಡುವ ಕ್ರಮ

ಶಿಂದಿ ಇಳಿಸುವ ಸೀಮೆಯವರಿಗೆ ಹುಳಿಯುವಿಕೆ ಹೊಸದಲ್ಲ. ಇಟ್ಟಷ್ಟೂ ಹುಳಿಯಾಗುವ ಶಿಂದಿಯನ್ನೇ ಗೋವಾ ಹಾಗೂ ಮಂಗಳೂರಿನ ಕ್ರೈಸ್ತರು ವಿನೆಗರ್ ಆಗಿ ಬಳಸುತ್ತಾರೆ. ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುವವು ಗಾಳಿಯಲ್ಲಿ ಬದುಕುವ ಜೀವಾಣುಗಳೆಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟರು. ಇದೇ ಕ್ರಮದಲ್ಲಿ ವೈನ್ ಅನ್ನು ಮನೆಯಲ್ಲೇ ವಿನೆಗರ್, ಅಂದರೆ ಬೀದರ ಕಡೆಯ ಮಾತಿನ ಸಿರ್ಕಾ, ಮಾಡಿಕೊಳ್ಳಬಹುದು.

ಶೇ 13ರಷ್ಟು ಮದ್ಯಸಾರವಿರುವ ವೈನ್‌ನಲ್ಲಿ ಆ ಜೀವಾಣುಗಳು ಸರಿಯಾಗಿ ಬೆಳೆಯವು. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ವೈನ್‌ಗೆ ಸಮಪ್ರಮಾಣದ, ಕುದಿಸಿ ಆರಿಸಿದ ನೀರು ಸೇರಿಸಬೇಕು. ಕೆಡದಿರಲೆಂದು ವೈನ್‌ಗೆ ಬೆರೆಸಿರುವ ಸಲ್ಫೈಟ್ ತಗ್ಗಲು ಆಗಾಗ ಕಲಕುತ್ತ ಒಂದು ದಿನ ಬಿಡುವುದು ಒಳಿತು. ಅನಂತರ, ತಳದಲ್ಲಿ ‘ಮದರ್’ ಎಂಬ ಲೋಳೆಯ ಗಷ್ಟು ಉಳಿಸಿಕೊಂಡಿರುವ, ಕಾಯಿಸದ ಸೇಬಿನ ವಿನೆಗರ್ ಅನ್ನು ಒಂದು ದೊಡ್ಡ ಲೋಟದಷ್ಟು ಬೆರೆಸಬೇಕು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಬಿಸಿಲು ಬೀಳದ, 25ರಿಂದ 30 ಡಿಗ್ರಿಯ ಜಾಗದಲ್ಲಿಡಬೇಕು. ಗಾಳಿ ಆಡದಂತೆ ಮುಚ್ಚಿದರೆ ಕೆಲಸ ನಡೆಯದು.

ಒಂದರಿಂದ ಮೂರು ತಿಂಗಳಲ್ಲಿ ಮದ್ಯದ ಘಾಟು ಹೋಗಿ ಹುಳಿ ನಿಲ್ಲುತ್ತದೆ. ಮೇಲೆ ಕಟ್ಟುವ ನುಣುಪಾದ ಪೊರೆ ಒಳ್ಳೆಯ ಲಕ್ಷಣ. ಹಸಿರು, ಕಪ್ಪು ಬಣ್ಣದ ಬೂಷ್ಟು ಕಂಡರೆ ಎಲ್ಲವನ್ನೂ ಚೆಲ್ಲಬೇಕು. ಸಿದ್ಧವಾದುದನ್ನು ಸೋಸಿ, ಬಾಟಲಿ ತುಂಬ ಹಾಕಿ ಮುಚ್ಚಿಡಬೇಕು. ಇದು ಈರುಳ್ಳಿ, ಕೋಸಂಬರಿ, ಮಾಂಸ ನೆನೆಸಲು ಚೆನ್ನ. ಆದರೆ ಮನೆಯ ಸಿರ್ಕಾದ ಆಮ್ಲಾಂಶ ಎಷ್ಟೆಂದು ನಿಶ್ಚಯವಿರದ ಕಾರಣ ದೀರ್ಘ ಕಾಲ ಇಡುವ ಉಪ್ಪಿನಕಾಯಿಗೆ ಅಂಗಡಿಯ ವಿನೆಗರನ್ನೇ ಬಳಸಬೇಕು.

ಕೊಡುವುದು, ಮಾರುವುದು

ತಮಗೆ ಹಿಡಿಸದ್ದು ಇನ್ನೊಬ್ಬರಿಗೆ ಪ್ರಿಯವಾಗಬಹುದು. ಬಿರಡೆ ತೆಗೆಯದ ಬಾಟಲಿಯನ್ನು, ವೈನ್ ಕುಡಿಯುವರೆಂದು ಗೊತ್ತಿರುವ ವಯಸ್ಕರಿಗೆ ‘ಇದು ನಮಗೆ ಒಗ್ಗಲಿಲ್ಲ’ ಎಂದು ತಿಳಿಸಿಯೇ ಕೊಡುವುದರಲ್ಲಿ ತಪ್ಪಿಲ್ಲ. ಮನೆಗೆಲಸದವರಿಗೆ, ಕಾವಲುಗಾರರಿಗೆ ದಾಟಿಸಿ ಕೈತೊಳೆದುಕೊಳ್ಳುವುದು ಮಾತ್ರ ಸಲ್ಲದು.

ಪರವಾನಗಿ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಒಂದೇ ಬಾಟಲಿಯಾದರೂ ನೆರೆಯವರಿಗೆ ಹಣಕ್ಕೆ ಕೊಡುವಂತಿಲ್ಲ. ಮಹಾರಾಷ್ಟ್ರ ಮತ್ತು ತೆಲಂಗಾಣಕ್ಕೆ ತಾಗಿಕೊಂಡಿರುವ ಜಿಲ್ಲೆಯಾದ್ದರಿಂದ ಇನ್ನೊಂದು ಮಾತು: ಉದಗೀರ ಅಥವಾ ಹೈದರಾಬಾದಿನ ಬಂಧುಗಳಿಗೆಂದು ಬಾಟಲಿ ಒಯ್ಯುವವರು, ರಾಜ್ಯದ ಗಡಿ ದಾಟಿದೊಡನೆ ಅಬಕಾರಿ ನಿಯಮಗಳೂ ಬದಲಾಗುತ್ತವೆಂಬುದನ್ನು ಮರೆಯಬಾರದು.

ಚೆಲ್ಲುವುದೂ ಒಂದು ದಾರಿ

ತೆರೆದ ವೈನ್ ಫ್ರಿಜ್‌ನಲ್ಲಿ ಮೂರರಿಂದ ಐದು ದಿನ ಚೆನ್ನಾಗಿರುತ್ತದೆ. ಅಷ್ಟರಲ್ಲಿ ಯಾವ ಉಪಯೋಗವೂ ತೋಚದಿದ್ದರೆ ಚೆಲ್ಲುವುದಕ್ಕೆ ಹಿಂಜರಿಯಬೇಕಿಲ್ಲ. ಕೊಟ್ಟ ಹಣ ಬಾಟಲಿ ಮುಗಿಸಿದರೂ ಹಿಂದಿರುಗದು. ಕೆಂಪು ವೈನ್ ಹೃದಯಕ್ಕೆ ಹಿತವೆಂಬ ಸಮಾಧಾನವೂ ಈಗ ಉಳಿದಿಲ್ಲ. ಮದ್ಯ ಸೇವನೆಯಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ರುಚಿಯೂ ಇಲ್ಲದ, ಹಿತವೂ ಅಲ್ಲದ ಪಾನೀಯವನ್ನು ಉಳಿತಾಯದ ಹೆಸರಿನಲ್ಲಿ ಕುಡಿಯುವುದರಲ್ಲಿ ಅರ್ಥವಿಲ್ಲ.

ಚೆಲ್ಲುವಾಗ ಮೋರಿಗೆ ನೀರಿನೊಂದಿಗೆ ಸುರಿಯಬೇಕೇ ಹೊರತು ಗಿಡದ ಬುಡಕ್ಕೆ, ಬಾವಿ ಕೆರೆಗಳಿಗೆ, ದನಗಳ ಕಲಗಚ್ಚಿಗೆ ಹಾಕಬಾರದು. ಖಾಲಿ ಬಾಟಲಿಯನ್ನು ರದ್ದಿಯವರಿಗೆ ಕೊಡುವ ಮುನ್ನ ಲೇಬಲ್ ಕಿತ್ತು ಹಾಕುವುದು ಕ್ಷೇಮಕರ. ಇದರಿಂದ ಅದೇ ಬಾಟಲಿಯಲ್ಲಿ ನಕಲಿ ಮದ್ಯ ತುಂಬಿ ಮಾರುವವರಿಗೆ ಅವಕಾಶ ಕಡಿಮೆಯಾಗುತ್ತದೆ.