ಮುಜಾರೆ: ಅರಬ್ಬಿ ವರ್ತಮಾನ ಕ್ರಿಯಾಪದದ ಅನ್ವಯ ಮತ್ತು ಅದರ ಚರಿತ್ರೆ

ಅರಬ್ಬಿ ವ್ಯಾಕರಣದಲ್ಲಿ ವರ್ತಮಾನ, ಭವಿಷ್ಯತ್ತು ಎರಡಕ್ಕೂ ಸಲ್ಲುವ ಕ್ರಿಯಾರೂಪ ‘ಮುಳಾರಿಅ್’. ಕರ್ನಾಟಕದ ಉರ್ದು ಮದರಸಾಗಳಲ್ಲಿ ಅದನ್ನು ‘ಮುಜಾರೆ’ ಎನ್ನುತ್ತಾರೆ. ವಾಕ್ಯದೊಳಗೆ ಅದರ ಕೊನೆಯ ಸ್ವರ ಏನು, ಆ ಸ್ವರವನ್ನು ತಂದ ಪದ ಯಾವುದು ಎಂದು ಬಿಡಿಸಿ ಹೇಳುವ ವಿದ್ಯೆಗೆ ‘ಇಅ್‌ರಾಬ್’ ಎಂದು ಹೆಸರು. ಇಡೀ ವಾಕ್ಯವನ್ನು ಹೀಗೆ ಬಿಡಿಸುವುದನ್ನು ಮದರಸಾದವರು ‘ತರ್ಕೀಬ್’ ಮಾಡುವುದು ಎನ್ನುತ್ತಾರೆ. ಬೆಂಗಳೂರಿಗೂ ಈ ಪಾಠ ದೂರದ್ದಲ್ಲ. ನಗರದ ಉತ್ತರ ಭಾಗದ ನಾಗವಾರದ ಕಡೆ ದಾರುಲ್ ಉಲೂಮ್ ಸಬೀಲುರ್ ರಶಾದ್ ಇದೆ. 1960ರಲ್ಲಿ ಮೌಲಾನಾ ಅಬುಸ್ಸಊದ್ ಅಹ್ಮದ್ ಬಾಖವಿ ಕಟ್ಟಿದ ಈ ಸಂಸ್ಥೆಯಿಂದಾಗಿಯೇ ಸುತ್ತಲಿನ ಬಡಾವಣೆಗೂ ಅಂಚೆ ಕಚೇರಿಗೂ ‘ಅರೇಬಿಕ್ ಕಾಲೇಜು’ ಎಂಬ ಹೆಸರು ನಿಂತಿತು.

ರೂಪದ ಲಕ್ಷಣ ಸರಳ. ಹಮ್ಜಾ, ನೂನ್, ಯಾ, ತಾ ಎಂಬ ನಾಲ್ಕು ಅಕ್ಷರಗಳಲ್ಲಿ ಒಂದು ಮುಜಾರೆಯ ತಲೆಯಲ್ಲಿ ಇದ್ದೇ ಇರುತ್ತದೆ. ‘ಯಕ್ತುಬು’ ಎಂದರೆ ‘ಬರೆಯುತ್ತಾನೆ’. ಕೊನೆಯ ಉಕಾರವೇ ‘ರಫ್ಅ್’ ಸ್ಥಿತಿಯ ಗುರುತು. ಮುಂದೆ ‘ಲನ್’ ಬಂದರೆ ‘ಲನ್ ಯಕ್ತುಬ’, ಅಂದರೆ ‘ಅವನು ಬರೆಯಲಾರ’. ಇಲ್ಲಿ ಕೊನೆ ಅಕಾರ, ಇದು ‘ನಸ್ಬ್’. ‘ಲಮ್’ ಬಂದರೆ ‘ಲಮ್ ಯಕ್ತುಬ್’, ‘ಬರೆಯಲಿಲ್ಲ’. ಸ್ವರ ಬಿದ್ದುಹೋಗಿ ವ್ಯಂಜನ ಉಳಿದ ಈ ಸ್ಥಿತಿ ‘ಜಜ್ಮ್’. ಮುಜಾರೆಯಿಂದಲೇ ಭೂತಕಾಲದ ನಿಷೇಧ ಹುಟ್ಟುವುದು ಹೊಸಬರಿಗೆ ವಿಚಿತ್ರವಾಗಿ ಕಂಡೀತು. ಕನ್ನಡಿಗರಿಗೆ ಹಾಗೆ ಕಾಣಬೇಕಿಲ್ಲ. ‘ಬರೆದನು’ ಎಂಬಲ್ಲಿರುವ ಭೂತಕಾಲದ ದಕಾರ ನಮ್ಮ ‘ಬರೆಯಲಿಲ್ಲ’ದಲ್ಲೂ ಇಲ್ಲ.

ಎಲ್ಲ ರೂಪಗಳೂ ಸ್ವರದಿಂದಲೇ ಸ್ಥಿತಿಯನ್ನು ತೋರಿಸುವುದಿಲ್ಲ. ‘ಯಕ್ತುಬೂನ’ (ಬರೆಯುತ್ತಾರೆ) ಮೊದಲಾದ ಐದು ರೂಪಗಳಲ್ಲಿ ಕೊನೆಯ ನಕಾರ ಉಳಿದರೆ ರಫ್ಅ್, ಬಿದ್ದರೆ ನಸ್ಬ್ ಅಥವಾ ಜಜ್ಮ್. ಧಾತುವಿನ ಕೊನೆಯಲ್ಲಿ ದುರ್ಬಲ ಅಕ್ಷರವಿದ್ದರೆ ಜಜ್ಮ್‌ನಲ್ಲಿ ಆ ಅಕ್ಷರವೇ ಲೋಪವಾಗುತ್ತದೆ. ಸ್ತ್ರೀ ಬಹುವಚನದ ‘ಯಕ್ತುಬ್ನ’ ಮಾತ್ರ ಯಾವ ಪದ ಮುಂದೆ ಬಂದರೂ ಬದಲಾಗದು.

ಈ ವಿಷಯಕ್ಕೆ ಶಾಸ್ತ್ರದ ರೂಪ ಕೊಟ್ಟವನು ಪರ್ಷಿಯಾ ಮೂಲದ ಸೀಬವೈಹಿ. ಕ್ರಿ.ಶ. 8ನೆಯ ಶತಮಾನದ ಕೊನೆಯ ಹೊತ್ತಿಗೆ ತೀರಿಕೊಂಡ ಇವನು ಬಸರಾದಲ್ಲಿ ಖಲೀಲ್ ಇಬ್ನ್ ಅಹ್ಮದನ ಶಿಷ್ಯನಾಗಿದ್ದ. ಅವನ ‘ಅಲ್ ಕಿತಾಬ್’ ಎತ್ತಿಕೊಂಡ ಮೂಲ ಪ್ರಶ್ನೆ ಇದು: ವಿಭಕ್ತಿ ನಾಮಪದದ ಸೊತ್ತು, ಕ್ರಿಯಾಪದಕ್ಕೆ ಅದು ಹೇಗೆ ಬಂತು? ಭೂತಕಾಲದ ರೂಪಕ್ಕೆ ಇಲ್ಲದ್ದು ಇದಕ್ಕೇಕೆ? ಮುಜಾರೆಯು ಕರ್ತೃವಾಚಿ ನಾಮವನ್ನು ಹೋಲುತ್ತದೆ, ಆ ನಾಮ ನಿಲ್ಲುವ ಜಾಗದಲ್ಲಿ ತಾನೂ ನಿಲ್ಲಬಲ್ಲದು, ಆದ್ದರಿಂದ ನಾಮದ ಹಕ್ಕು ಇದಕ್ಕೂ ದಕ್ಕಿತು ಎಂಬುದು ಅವನ ವಾದ. ‘ಹೋಲುವಂಥದ್ದು’ ಎಂಬ ಅರ್ಥದ ಹೆಸರು ಇದಕ್ಕೆ ಬಂದದ್ದೂ ಹೀಗೆಯೇ.

ಇಲ್ಲಿಂದ ಬಸರಾ ಮತ್ತು ಕೂಫಾ ಎಂಬ ಎರಡು ಊರುಗಳ ವೈಯಾಕರಣರ ದೀರ್ಘ ಜಗಳ ಶುರುವಾಗುತ್ತದೆ. ಲನ್, ಲಮ್ ಮುಂತಾದ ಯಾವ ಪದವೂ ಮುಂದೆ ಇಲ್ಲದಾಗ ಉಕಾರವನ್ನು ತಂದದ್ದು ಯಾವುದು? ನಾಮದ ಸ್ಥಾನದಲ್ಲಿ ನಿಂತದ್ದೇ ಕಾರಣ ಎಂದಿತು ಬಸರಾ. ನಸ್ಬ್, ಜಜ್ಮ್ ಮಾಡುವ ಪದಗಳು ಇಲ್ಲದಿರುವುದೇ ಕಾರಣ ಎಂದ ಕೂಫಾದ ಫರ್ರಾ (ಮರಣ 822). ಅವನ ಗುರು ಕಿಸಾಈ, ಪದದ ತಲೆಯ ಅಕ್ಷರವೇ ಕೊನೆಯ ಉಕಾರವನ್ನು ತರುತ್ತದೆ ಎಂದ. 1181ರಲ್ಲಿ ತೀರಿಕೊಂಡ ಇಬ್ನುಲ್ ಅನ್ಬಾರೀ ಇಂಥ ವಿವಾದಗಳನ್ನು ‘ಅಲ್ ಇನ್ಸಾಫ್’ ಎಂಬ ಗ್ರಂಥದಲ್ಲಿ ಒಟ್ಟುಮಾಡಿದ. ಇಲ್ಲದಿರುವುದನ್ನೂ ಕಾರಣವೆಂದು ಒಪ್ಪುವ ಫರ್ರಾನ ಧೈರ್ಯ ದೊಡ್ಡದು. ನಂತರದ ಹೆಚ್ಚಿನ ವೈಯಾಕರಣರು ಅವನ ಕಡೆಗೇ ವಾಲಿದರು.

ಈ ಸ್ವರಗಳು ಬರಿಯ ಅಲಂಕಾರವಲ್ಲ. ‘ಮೀನು ತಿನ್ನಬೇಡ’ ಎಂಬ ಮಾತಿಗೆ ‘ಹಾಲು ಕುಡಿ’ ಎಂಬುದನ್ನು ‘ವ’ ಎಂಬ ಅವ್ಯಯದಿಂದ ಜೋಡಿಸುವ ವಾಕ್ಯ ಸೀಬವೈಹಿಯ ಕಾಲದಿಂದ ಇಂದಿನ ತರಗತಿಯವರೆಗೂ ಬಂದಿರುವ ಉದಾಹರಣೆ. ಎರಡನೆಯ ಕ್ರಿಯೆಗೆ ಜಜ್ಮ್ ಕೊಟ್ಟರೆ ಎರಡೂ ನಿಷಿದ್ಧ. ‘ತಶ್ರಬ’ ಎಂದು ನಸ್ಬ್ ಮಾಡಿದರೆ ಎರಡನ್ನೂ ಒಟ್ಟಿಗೆ ಸೇವಿಸಬೇಡ, ಬೇರೆ ಬೇರೆಯಾಗಿ ಅಡ್ಡಿಯಿಲ್ಲ. ‘ತಶ್ರಬು’ ಎಂದು ರಫ್ಅ್ ಮಾಡಿದರೆ ಮೀನು ಬೇಡ, ಹಾಲನ್ನಂತೂ ಕುಡಿಯಬಹುದು. ಮೀನು ಹಾಲುಗಳ ಜೋಡಿಯನ್ನು ವಿರುದ್ಧಾಹಾರವೆಂದು ಕೇಳುತ್ತ ಬೆಳೆದ ನಮ್ಮವರಿಗೆ ನಡುವಿನ ಅರ್ಥ ಕೂಡಲೇ ಹೊಳೆಯುತ್ತದೆ. ಆ ನಸ್ಬ್‌ಗೆ ಕಾರಣವಾಗಿ ಬಸರಾದವರು ಕಣ್ಣಿಗೆ ಕಾಣದ ‘ಅನ್’ ಎಂಬ ಪದವೊಂದನ್ನು ಅಲ್ಲಿ ಊಹಿಸಿದರು.

ಕುರ್‌ಆನ್ ಪಠಣದಲ್ಲೂ ಇಂಥ ಭೇದಗಳಿವೆ. 2ನೆಯ ಅಧ್ಯಾಯದ 214ನೆಯ ವಚನದಲ್ಲಿ ‘ಹತ್ತಾ’ ಎಂಬ ಪದದ ನಂತರದ ಕ್ರಿಯೆಯನ್ನು ಮದೀನಾದ ನಾಫಿಅ್ ರಫ್ಅ್‌ನಲ್ಲಿ ‘ಯಕೂಲು’ ಎಂದು ಓದಿದರೆ, ಉಳಿದ ಪ್ರಸಿದ್ಧ ಪಾಠಕರು ನಸ್ಬ್‌ನಲ್ಲಿ ‘ಯಕೂಲ’ ಎಂದು ಓದಿದರು. ನಡೆಯುತ್ತಿರುವುದನ್ನು ಕಣ್ಣೆದುರಿಗೆ ತಂದು ಹೇಳುವ ರೀತಿ ಮೊದಲನೆಯದು, ಹಿಂದಿನ ಘಟನೆಯ ದೃಷ್ಟಿಯಿಂದ ಮುಂದಾಗುವುದನ್ನು ಹೇಳುವುದು ಎರಡನೆಯದು. ಎರಡೂ ಪಾಠಗಳು ಮಾನ್ಯ.

ಕಾಣದ ಪದಗಳನ್ನು ಊಹಿಸುವ ಪದ್ಧತಿಗೆ ಎದುರು ನಿಂತವನು ಕಾರ್ಡೋಬಾದ ಇಬ್ನ್ ಮಳಾ (ಮರಣ 1196). ಸ್ವರವನ್ನು ತರುವವನು ಮಾತಾಡುವವನೇ ಹೊರತು ಇನ್ನೊಂದು ಪದವಲ್ಲ ಎಂಬುದು ಅವನ ನಿಲುವು. ಬಹುಕಾಲ ಮರೆಯಾಗಿದ್ದ ಅವನ ಗ್ರಂಥವನ್ನು 1947ರಲ್ಲಿ ಕೈರೋದಲ್ಲಿ ಶೌಕೀ ಳೈಫ್ ಸಂಪಾದಿಸಿ ಪ್ರಕಟಿಸಿದರು. ಮದರಸಾಗಳ ಪಾಠಕ್ರಮವನ್ನು ಮಾತ್ರ ಅದು ಅಲುಗಿಸಲಿಲ್ಲ.

ಕರ್ನಾಟಕದ ನೆಲಕ್ಕೆ ಈ ಶಾಸ್ತ್ರದ ನಂಟು ಆರು ಶತಮಾನಗಳಷ್ಟಾದರೂ ಹಳೆಯದು. 1362ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದ ಬದ್ರುದ್ದೀನ್ ದಮಾಮೀನೀ ಈಜಿಪ್ಟಿನಿಂದ ಯಮನಿನ ಜಬೀದ್ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಕಡಲು ದಾಟಿ ಗುಜರಾತಿಗೆ ಬಂದ. ಇಬ್ನ್ ಹಿಶಾಮನ ‘ಮುಘ್ನಿಲ್ ಲಬೀಬ್’ ಅವ್ಯಯಗಳನ್ನು ಒಂದೊಂದಾಗಿ ಪರೀಕ್ಷಿಸುವ ಗ್ರಂಥ. ಮುಜಾರೆಯನ್ನು ಆಳುವ ಲನ್, ಲಮ್, ಹತ್ತಾ ಎಲ್ಲವೂ ಅದರಲ್ಲಿವೆ. ದಮಾಮೀನೀ ಅದಕ್ಕೆ ಭಾರತದಲ್ಲಿ ‘ತುಹ್ಫತುಲ್ ಘರೀಬ್’ ಎಂಬ ವ್ಯಾಖ್ಯಾನ ಬರೆದ. ಕೈರೋದ ಶುಮುನ್ನೀ ಅದನ್ನು ಓದಿ, ದಮಾಮೀನೀಯ ಆಕ್ಷೇಪಗಳಿಗೆ ಉತ್ತರವಾಗಿಯೇ ಇನ್ನೊಂದು ಗ್ರಂಥ ಬರೆಯಬೇಕಾಯಿತು. ಭಾರತದಲ್ಲಿ ಕುಳಿತು ಬರೆದದ್ದು ಕೈರೋದ ಪಂಡಿತರನ್ನು ಕೆಣಕಿದ್ದು ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ದಮಾಮೀನೀ ಕೊನೆಗೆ ದಖನಿಗೆ ಬಂದು, ಬಹಮನಿ ಅಹ್ಮದ್ ಷಾನ ಆಳ್ವಿಕೆಯಲ್ಲಿ, 1424ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ. ಅರಬ್ಬಿ ವ್ಯಾಕರಣದ ಚರಿತ್ರೆಯಲ್ಲಿ ಕಲಬುರಗಿಯ ಹೆಸರು ಉಳಿದಿರುವುದು ಇವನಿಂದ. ಕನ್ನಡದಲ್ಲಿ ಇವನ ಬಗ್ಗೆ ಇನ್ನೂ ಹೆಚ್ಚು ಬರೆಯಬೇಕಿತ್ತು. ಮಹಮೂದ್ ಗವಾನನ ಬೀದರ್ ಮದರಸಾ ಎದ್ದದ್ದು ಇದಾದ ಅರ್ಧ ಶತಮಾನಕ್ಕೆ, 1472ರಲ್ಲಿ.

ಇಂದಿನ ಪಾಠಕ್ರಮದ ಬೇರು ಲಖನೌದ ಮುಲ್ಲಾ ನಿಜಾಮುದ್ದೀನರ (ಮರಣ 1748) ಹೆಸರಿನ ‘ದರ್ಸೆ ನಿಜಾಮಿ’ಯಲ್ಲಿದೆ. ಈ ಪರಂಪರೆಯ ಮದರಸಾಗಳಲ್ಲಿ ವಿದ್ಯಾರ್ಥಿ ಮೊದಲು ಮುಜಾರೆಯ 14 ರೂಪಗಳ ‘ಗರ್ದಾನ್’ ಬಾಯಿಪಾಠ ಮಾಡುತ್ತಾನೆ. ಆಮೇಲೆ ಪಾರಸಿಯ ‘ನಹ್ವ್ ಮೀರ್’, ಅರಬ್ಬಿಯ ‘ಮಿಅತ್ ಆಮಿಲ್’, ‘ಹಿದಾಯತುನ್ನಹ್ವ್’, ‘ಕಾಫಿಯಾ’, ‘ಶರ್ಹೆ ಜಾಮೀ’. ಕರಾವಳಿಯ ಬ್ಯಾರಿ ದರ್ಸ್‌ಗಳು ಕೇರಳದ ಜಾಡು ಹಿಡಿದು ‘ಅಲ್ಫಿಯ್ಯಾ’ದವರೆಗೆ ಹೋಗುತ್ತವೆ. ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿಗೆ ತೃತೀಯ ಭಾಷೆಯಾಗಿಯೂ ಅರಬ್ಬಿ ಇದೆ. ಅಲ್ಲಿ ಇಷ್ಟು ಆಳದ ಅನ್ವಯ ಬೇಕಾಗುವುದಿಲ್ಲ.

11ನೆಯ ಶತಮಾನದ ಅಬ್ದುಲ್ ಕಾಹಿರ್ ಜುರ್ಜಾನೀಯ ‘ಮಿಅತ್ ಆಮಿಲ್’ ಎಣಿಸುವ, ಪದದ ಕೊನೆಯ ಸ್ಥಿತಿಯನ್ನು ತರುವ ನೂರು ಕಾರಣಗಳಲ್ಲಿ (‘ಆಮಿಲ್’) 98 ಮಾತಿನ ರೂಪದವು, ಎರಡು ಬರಿಯ ಅರ್ಥದವು. ಆ ಎರಡರಲ್ಲಿ ಒಂದು ಮುಜಾರೆಯ ರಫ್ಅ್‌ನದು. ಜುರ್ಜಾನೀ ಅದನ್ನು ನಾಮದ ಸ್ಥಾನದಲ್ಲಿ ನಿಲ್ಲುವ ಗುಣವೆಂದು ವಿವರಿಸುತ್ತಾನೆ, ಅಂದರೆ ಬಸರಾದ ಉತ್ತರ. ಅದರ ಬೆನ್ನಿಗೇ ಓದುವ ‘ಹಿದಾಯತುನ್ನಹ್ವ್’ ಕೂಫಾದ ಉತ್ತರ ಕೊಡುತ್ತದೆ: ನಸ್ಬ್ ಮಾಡುವುದೂ ಜಜ್ಮ್ ಮಾಡುವುದೂ ಇಲ್ಲ, ಅದಕ್ಕೇ ರಫ್ಅ್. ಎರಡು ಊರುಗಳ ವಾದವೂ ಹೀಗೆ ಒಬ್ಬನೇ ಹುಡುಗನ ಬಾಯಿಪಾಠಕ್ಕೆ ಬರುತ್ತದೆ, ಅವನು ತರ್ಕೀಬ್ ಮಾಡುವಾಗ ಎರಡನೆಯದನ್ನೇ ಹೇಳುತ್ತಾನೆ.