ನರನೋವಿನ ಔಷಧ ಸೇವಿಸುತ್ತಿರುವವರಲ್ಲಿ ನಿದ್ರಾಹೀನತೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ದೀರ್ಘಕಾಲದ ನರನೋವಿಗಾಗಿ ಪ್ರತಿನಿತ್ಯ ಔಷಧ ಸೇವಿಸುವವರಲ್ಲಿ ಅನೇಕರು ರಾತ್ರಿ ನಿದ್ರೆ ಬಾರದ ತೊಂದರೆಯನ್ನೂ ಅನುಭವಿಸುತ್ತಾರೆ. ಇಂತಹ ಸಂದರ್ಭದಲ್ಲಿ ರೋಗಿಗಳು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಅನುಸರಿಸುವುದು ಕಂಡುಬರುತ್ತದೆ. ಮೊದಲನೆಯದು, ಔಷಧವೇ ನಿದ್ರೆ ಕೆಡಿಸಿತೆಂದು ಭಾವಿಸಿ ಅದನ್ನು ತಾವಾಗಿಯೇ ನಿಲ್ಲಿಸುವುದು. ಎರಡನೆಯದು, ಬಂಧುಗಳೋ ನೆರೆಹೊರೆಯವರೋ ನುಂಗುವ ನಿದ್ರೆ ಮಾತ್ರೆಯನ್ನು ತಾವೂ ನುಂಗುವುದು. ಈ ಎರಡೂ ಮಾರ್ಗಗಳು ಅಪಾಯಕಾರಿಯಾಗಿವೆ. ನಿದ್ರೆ ಕೆಡಲು ಕಾರಣ ನೋವೇ, ಔಷಧವೇ, ಔಷಧ ಸೇವಿಸುವ ಸಮಯವೇ ಅಥವಾ ದಿನಚರಿಯೇ ಎಂಬುದನ್ನು ಮೊದಲು ಗುರುತಿಸಿ, ನಂತರ ವೈದ್ಯರ ಸಲಹೆಯಂತೆ ಬದಲಾವಣೆ ಮಾಡಿಕೊಳ್ಳುವುದೇ ಸರಿಯಾದ ಕ್ರಮ. ಈ ಕುರಿತ ಅಗತ್ಯ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

ನರನೋವು ಎಂದರೇನು?

ಗಾಯವಾದಾಗ ಉಂಟಾಗುವ ನೋವು ಗಾಯ ಮಾಗಿದ ಮೇಲೆ ಶಮನವಾಗುತ್ತದೆ. ನರನೋವು ಹಾಗಲ್ಲ. ನೋವಿನ ಸಂದೇಶವನ್ನು ಸಾಗಿಸುವ ನರವೇ ಹಾನಿಗೊಂಡಿರುವುದರಿಂದ, ಹೊರಗಿನ ಕಾರಣವಿಲ್ಲದಿದ್ದರೂ ಮೆದುಳಿಗೆ ನೋವಿನ ಸಂದೇಶ ತಲುಪುತ್ತಿರುತ್ತದೆ. ಉರಿ, ಜೋಮು, ಸೂಜಿ ಚುಚ್ಚಿದಂತಾಗುವುದು, ವಿದ್ಯುತ್ ತಗುಲಿದಂತಾಗುವುದು, ಹೊದಿಕೆ ಸೋಕಿದರೂ ನೋವಾಗುವುದು ಇದರ ಮುಖ್ಯ ಲಕ್ಷಣಗಳು.

ಇದಕ್ಕೆ ಸಾಮಾನ್ಯ ಕಾರಣಗಳು ಈ ಕೆಳಕಂಡಂತಿವೆ:

1. ಬಹುಕಾಲದ ಮಧುಮೇಹ (ಸಕ್ಕರೆ ಕಾಯಿಲೆ). ಇದರಲ್ಲಿ ನೋವು ಸಾಮಾನ್ಯವಾಗಿ ಎರಡೂ ಪಾದಗಳಿಂದ ಆರಂಭವಾಗುತ್ತದೆ.
2. ಸರ್ಪಸುತ್ತು ವಾಸಿಯಾದ ನಂತರ ಅದೇ ಜಾಗದಲ್ಲಿ ಉಳಿಯುವ ನೋವು.
3. ಬೆನ್ನುಮೂಳೆಯ ತೊಂದರೆಯಿಂದ ಕಾಲಿಗೆ ಇಳಿಯುವ ನೋವು (ಸಯಾಟಿಕಾ).
4. ಬಿ12 ಜೀವಸತ್ವದ ಕೊರತೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಈ ಕೊರತೆ ಉಂಟಾಗಬಹುದು.
5. ಮದ್ಯಪಾನ, ಕುಷ್ಠರೋಗ ಹಾಗೂ ಕೆಲವು ಕ್ಯಾನ್ಸರ್ ಔಷಧಗಳಿಂದ ನರಗಳಿಗೆ ಆಗುವ ಹಾನಿ.

ರಾತ್ರಿ ವೇಳೆ ನೋವು ಹೆಚ್ಚೆನಿಸಲು ಕಾರಣ

ಹಗಲಿನಲ್ಲಿ ಕೆಲಸ, ಮಾತುಕತೆ ಮತ್ತು ಓಡಾಟದಲ್ಲಿ ಮನಸ್ಸು ತೊಡಗಿರುತ್ತದೆ. ಮಲಗಿದಾಗ ಗಮನವೆಲ್ಲ ನೋವಿನ ಕಡೆಗೇ ಹರಿಯುತ್ತದೆ. ನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟವರಿಗೆ ಮರುದಿನ ಅದೇ ನೋವು ಇನ್ನಷ್ಟು ತೀವ್ರವಾಗಿ ತೋರುತ್ತದೆ. ಆದುದರಿಂದ ನಿದ್ರೆಯನ್ನು ಸರಿಪಡಿಸುವುದು ನೋವಿನ ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಔಷಧಗಳು ಮತ್ತು ನಿದ್ರೆ

ನರನೋವಿಗೆ ನೀಡಲಾಗುವ ಔಷಧಗಳು ಸಾಧಾರಣ ನೋವಿನ ಮಾತ್ರೆಗಳಿಗಿಂತ ಭಿನ್ನವಾಗಿವೆ. ಇವುಗಳಲ್ಲಿ ಕೆಲವು ಮೂಲತಃ ಖಿನ್ನತೆಗೆ, ಕೆಲವು ಮೂರ್ಛೆರೋಗಕ್ಕೆ ಬಳಕೆಗೆ ಬಂದವು. ತನಗೆ ಖಿನ್ನತೆಯ ಮಾತ್ರೆ ಕೊಟ್ಟಿದ್ದಾರೆಂದು ರೋಗಿಯು ಗಾಬರಿಗೊಳ್ಳುವ ಅಗತ್ಯವಿಲ್ಲ. ಅದನ್ನು ನೋವಿಗಾಗಿಯೇ ನೀಡಲಾಗಿರುತ್ತದೆ.

ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್: ಇವುಗಳನ್ನು ನರನೋವಿಗೆ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ 10 ಮಿ.ಗ್ರಾಂ.ನಿಂದ, ಆರಂಭಿಸಲಾಗುತ್ತದೆ. ಅಮಿಟ್ರಿಪ್ಟಿಲಿನ್ ಮಂಪರು ತರುವ ಗುಣವುಳ್ಳದ್ದು. ಮಲಗುವ ಕ್ಷಣದಲ್ಲಿ ನುಂಗಿದರೆ ಮಂಪರು ತಡವಾಗಿ ಬಂದು ಮರುದಿನ ಬೆಳಗಿನವರೆಗೂ ಉಳಿಯಬಹುದು. ಬಾಯಿ ಒಣಗುವುದು, ಮಲಬದ್ಧತೆ ಉಂಟಾಗಬಹುದು. ಹೃದ್ರೋಗ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆಯುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್: ಇವು ಮಂಪರು ಹಾಗೂ ತಲೆಸುತ್ತು ತರಬಹುದು. ಮೂತ್ರಪಿಂಡಗಳ ಮೂಲಕ ದೇಹದಿಂದ ಹೊರಹೋಗುವುದರಿಂದ, ಮೂತ್ರಪಿಂಡದ ತೊಂದರೆಯುಳ್ಳವರಿಗೆ ಪ್ರಮಾಣವನ್ನು ಕಡಿಮೆ ಮಾಡಬೇಕಾಗುತ್ತದೆ. ಅಲ್ಯೂಮಿನಿಯಂ ಹಾಗೂ ಮೆಗ್ನೀಸಿಯಂ ಇರುವ ಆಮ್ಲಪಿತ್ತದ ಔಷಧಗಳು ಗ್ಯಾಬಾಪೆಂಟಿನ್ ಹೀರಿಕೆಯನ್ನು ಕುಗ್ಗಿಸುತ್ತವೆ. ಆದುದರಿಂದ ಅಂತಹ ಔಷಧ ಸೇವಿಸಿದ 2 ಗಂಟೆಗಳ ನಂತರವೇ ಗ್ಯಾಬಾಪೆಂಟಿನ್ ಸೇವಿಸಬೇಕು.

ಡುಲೊಕ್ಸೆಟಿನ್: ಇದು ಕೆಲವರಿಗೆ ಮಂಪರು ತಂದರೆ, ಕೆಲವರಿಗೆ ನಿದ್ರೆಯನ್ನೇ ಕೆಡಿಸುತ್ತದೆ. ರಾತ್ರಿ ಸೇವಿಸಿ ನಿದ್ರೆ ಬಾರದವರಿಗೆ ವೈದ್ಯರು ಬೆಳಿಗ್ಗೆ ಸೇವಿಸಲು ಸೂಚಿಸಬಹುದು. ಯಕೃತ್ತಿನ ತೊಂದರೆಯುಳ್ಳವರು ಮತ್ತು ಹೆಚ್ಚು ಮದ್ಯ ಸೇವಿಸುವವರು ಅದನ್ನು ಮುಚ್ಚಿಡಬಾರದು.

ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು

ಈ ಔಷಧಗಳ ಪರಿಣಾಮ ಒಂದೆರಡು ದಿನಗಳಲ್ಲಿ ಪೂರ್ಣವಾಗಿ ತಿಳಿಯುವುದಿಲ್ಲ. ಕೆಲವು ವಾರಗಳು ಬೇಕಾಗಬಹುದು. ಆರಂಭದ ಮಂಪರು ಅನೇಕರಲ್ಲಿ ಕ್ರಮೇಣ ತಗ್ಗುತ್ತದೆ. ಥಟ್ಟನೆ ನಿಲ್ಲಿಸಿದರೆ ಆತಂಕ, ಬೆವರು, ವಾಕರಿಕೆ, ತಲೆನೋವು ಹಾಗೂ ನಿದ್ರಾಹೀನತೆಯೇ ಉಂಟಾಗಬಹುದು. ಅಂದರೆ, ನಿದ್ರೆಗಾಗಿ ಮಾತ್ರೆ ಬಿಟ್ಟವರ ನಿದ್ರೆಯು ಬಿಟ್ಟ ಕಾರಣದಿಂದಲೇ ಮತ್ತಷ್ಟು ಕೆಡುತ್ತದೆ. ಮೂರ್ಛೆರೋಗ ಇರುವವರು ಗ್ಯಾಬಾಪೆಂಟಿನ್ ಅಥವಾ ಪ್ರೀಗ್ಯಾಬಲಿನ್ ಅನ್ನು ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಮರುಕಳಿಸುವ ಅಪಾಯವಿದೆ. ಪ್ರೀಗ್ಯಾಬಲಿನ್ ಅನ್ನು ನಿಲ್ಲಿಸಬೇಕಾದಲ್ಲಿ ಕನಿಷ್ಠ ಒಂದು ವಾರದ ಅವಧಿಯಲ್ಲಿ ಹಂತಹಂತವಾಗಿ ಕಡಿಮೆ ಮಾಡಲಾಗುತ್ತದೆ. ಮಾತ್ರೆ ಮುಗಿಯುವ ಮುನ್ನವೇ ಮರುಖರೀದಿ ಮಾಡಿಟ್ಟುಕೊಳ್ಳುವುದು ಸೂಕ್ತ.

ನಿದ್ರೆ ಮಾತ್ರೆಯನ್ನು ತಾವಾಗಿಯೇ ಸೇರಿಸಿಕೊಳ್ಳಬಾರದು

ಗ್ಯಾಬಾಪೆಂಟಿನ್ ಮತ್ತು ಪ್ರೀಗ್ಯಾಬಲಿನ್ ಸೇವಿಸುವವರಲ್ಲಿ ಉಸಿರಾಟ ಅಪಾಯಕರವಾಗಿ ಕುಗ್ಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಡಿಸೆಂಬರ್ ತಿಂಗಳಲ್ಲಿ ಎಚ್ಚರಿಕೆ ನೀಡಿತು. ವೃದ್ಧರು, ಶ್ವಾಸಕೋಶದ ಕಾಯಿಲೆಯುಳ್ಳವರು ಮತ್ತು ಮಂಪರು ತರುವ ಇತರ ಔಷಧಗಳನ್ನು ಜೊತೆಯಲ್ಲಿ ಸೇವಿಸುವವರಿಗೆ ಈ ಅಪಾಯ ಹೆಚ್ಚು. ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಮುಂತಾದ ಮಾತ್ರೆಗಳು, ಟ್ರಮಡಾಲ್ ಹಾಗೂ ಮದ್ಯ ಈ ಗುಂಪಿಗೆ ಸೇರುತ್ತವೆ. ಟ್ರಮಡಾಲ್ ಅನ್ನು ಡುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಜೊತೆ ವೈದ್ಯರ ಗಮನಕ್ಕೆ ತಾರದೆ ಸೇವಿಸುವುದರಿಂದ ಬೇರೆ ರೀತಿಯ ಗಂಭೀರ ಪರಿಣಾಮಗಳೂ ಉಂಟಾಗಬಹುದು.

ಆಲ್‌ಪ್ರಜೋಲಾಮ್, ಜೋಲ್ಪಿಡೆಮ್ ಹಾಗೂ ಟ್ರಮಡಾಲ್ ಔಷಧಗಳನ್ನು 2014ರ ಮಾರ್ಚ್‌ನಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್‌1ರಲ್ಲಿ ಸೇರಿಸಲಾಗಿದೆ. ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಮಾರುವಂತಿಲ್ಲ. ಮಾರಾಟದ ವಿವರವನ್ನು ಔಷಧ ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ 3 ವರ್ಷ ಕಾಯ್ದಿರಿಸಬೇಕು. ನೆಗಡಿ, ಕೆಮ್ಮಿಗೆ ಬಳಸುವ ಕೆಲವು ಮಾತ್ರೆ ಹಾಗೂ ಸಿರಪ್‌ಗಳಲ್ಲಿಯೂ ಮಂಪರು ತರುವ ಅಂಶವಿರುತ್ತದೆ; ಇವುಗಳನ್ನು ನಿದ್ರೆಗಾಗಿ ಬಳಸಕೂಡದು.

ನಿದ್ರಾ ದಾಖಲೆ ಬರೆದಿಡುವ ಕ್ರಮ

ವೈದ್ಯರ ಬಳಿಗೆ ಹೋಗುವ ಮುನ್ನ ಕನಿಷ್ಠ 7 ದಿನ, ಸಾಧ್ಯವಾದರೆ 14 ದಿನ, ಒಂದು ನೋಟುಪುಸ್ತಕದಲ್ಲಿ ಈ ಕೆಳಕಂಡ ಅಂಶಗಳನ್ನು ಬರೆದಿಡಬೇಕು:

1. ಪ್ರತಿ ಔಷಧದ ಹೆಸರು, ಪ್ರಮಾಣ ಮತ್ತು ಸೇವಿಸಿದ ಗಂಟೆ.
2. ಮಲಗಿದ ಸಮಯ, ಅಂದಾಜು ನಿದ್ರೆ ಹತ್ತಿದ ಸಮಯ, ಬೆಳಿಗ್ಗೆ ಎದ್ದ ಸಮಯ.
3. ಮಧ್ಯರಾತ್ರಿ ಎಚ್ಚರವಾದದ್ದು ಎಷ್ಟು ಬಾರಿ; ಕಾರಣ ನೋವೇ, ಮೂತ್ರಕ್ಕೋ, ಬೇರೆಯೋ.
4. ಮಲಗುವಾಗ ನೋವಿನ ಮಟ್ಟ (0 ರಿಂದ 10).
5. ಕಾಫಿ, ಚಹಾ, ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯ ಬಳಸಿದ ಗಂಟೆ.
6. ಹಗಲು ನಿದ್ರೆಯ ಅವಧಿ ಹಾಗೂ ಮಂಪರು.

ಸಮಯವನ್ನು ನಿಖರವಾಗಿ ಬರೆಯಲು ರಾತ್ರಿಯೆಲ್ಲ ಗಡಿಯಾರ ನೋಡುತ್ತಿರಬಾರದು. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆದರೆ ಸಾಕು.

ಉದಾಹರಣೆಗೆ, ಕಿರಾಣಿ ಅಂಗಡಿ ನಡೆಸುವ 58 ವರ್ಷದ ಮಧುಮೇಹಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಪಾದದ ಉರಿಯಿಂದ ರಾತ್ರಿಯೆಲ್ಲ ನಿದ್ರೆಯಿಲ್ಲವೆಂಬುದು ಇವರ ದೂರು. 7 ದಿನಗಳ ದಾಖಲೆಯನ್ನು ನೋಡಿದಾಗ, ನೋವಿನಿಂದ ಎಚ್ಚರವಾದದ್ದು 2 ರಾತ್ರಿ ಮಾತ್ರ. ಉಳಿದ 5 ರಾತ್ರಿಗಳಲ್ಲಿ ಒಂದು ಗಂಟೆಯವರೆಗೆ ನಿದ್ರೆಯೇ ಹತ್ತಿಲ್ಲ. ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ರಾತ್ರಿ 11ಕ್ಕೆ, ಮಲಗಿದ ಮೇಲೆ ನುಂಗಿದ್ದಾರೆ. ಸಂಜೆ 7ಕ್ಕೆ ಕಾಫಿ ಕುಡಿದಿದ್ದಾರೆ. ಬೆಳಿಗ್ಗೆ 9ರವರೆಗೆ ಮಂಪರು ಇದ್ದು ಮಧ್ಯಾಹ್ನ 2 ಗಂಟೆ ಕಾಲ ಮಲಗಿದ್ದಾರೆ. ಇಲ್ಲಿ ಔಷಧದ ಪ್ರಮಾಣವನ್ನು ಹೆಚ್ಚಿಸುವ ಮೊದಲು, ಮಾತ್ರೆಯ ಸಮಯವನ್ನು ಮುಂಚಿತಗೊಳಿಸಲು ವೈದ್ಯರು ಸೂಚಿಸಬಹುದು. ಸಂಜೆಯ ಕಾಫಿ ಬಿಡುವುದೂ ಹಗಲು ನಿದ್ರೆ ತಗ್ಗಿಸುವುದೂ ರೋಗಿಯ ಕೈಯಲ್ಲಿಯೇ ಇದೆ. ದಾಖಲೆಯಿಲ್ಲದಿದ್ದಲ್ಲಿ ಇವರ ದೂರು “ನಿದ್ರೆ ಇಲ್ಲ” ಎಂಬ ಎರಡು ಪದಗಳಲ್ಲಿಯೇ ಮುಗಿಯುತ್ತಿತ್ತು.

ಔಷಧೇತರ ಕ್ರಮಗಳು

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಮಾತ್ರೆಗಿಂತ ಅರಿವು-ವರ್ತನಾ ಚಿಕಿತ್ಸೆಯನ್ನು ನೀಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯು 2016ರಲ್ಲಿ ಶಿಫಾರಸು ಮಾಡಿತು. ತರಬೇತಿ ಪಡೆದ ಮನಃಶಾಸ್ತ್ರಜ್ಞರು ಇದನ್ನು ನೀಡುತ್ತಾರೆ. ಇದರ ಕೆಲವು ಅಂಶಗಳನ್ನೂ ಇತರ ಸರಳ ಕ್ರಮಗಳನ್ನೂ ಮನೆಯಲ್ಲಿಯೇ ಪಾಲಿಸಬಹುದು:

1. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಸಮಯ ಒಂದೇ ಆಗಿರಬೇಕು.
2. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸುಮಾರು 20 ನಿಮಿಷ ನಿದ್ರೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ನಿದ್ರೆ ಬಂದ ಮೇಲೆ ಮರಳಬೇಕು.
3. ಕಾಫಿಯಲ್ಲಿನ ಕೆಫೀನ್ ಅಂಶದ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಆದುದರಿಂದ ಮಧ್ಯಾಹ್ನದ ನಂತರ ಕಾಫಿ, ಚಹಾ ಬಿಡುವುದು ಒಳ್ಳೆಯದು. ತಂಬಾಕು ಕೂಡ ನಿದ್ರೆಗೆ ಅಡ್ಡಿಯಾಗುತ್ತದೆ.
4. ಹಗಲು ನಿದ್ರೆ ಅನಿವಾರ್ಯವಾದಲ್ಲಿ 3 ಗಂಟೆಗೆ ಮುನ್ನ, 20-30 ನಿಮಿಷ ಮೀರದಂತಿರಲಿ.
5. ಶಕ್ತ್ಯಾನುಸಾರ ಬೆಳಿಗ್ಗೆ ಅಥವಾ ಸಂಜೆ ನಡಿಗೆ ಮಾಡಬೇಕು.
6. ಹೊದಿಕೆ ಸೋಕಿದರೆ ಪಾದ ನೋಯುವವರು ಕಾಲಿನ ಬಳಿ ದಿಂಬು ಅಥವಾ ರಟ್ಟಿನ ಪೆಟ್ಟಿಗೆಯಿಟ್ಟು ಹೊದಿಕೆಯನ್ನು ಎತ್ತರಿಸಿಕೊಳ್ಳಬಹುದು.

ಮಧುಮೇಹಿಗಳಿಗೆ ವಿಶೇಷ ಸೂಚನೆ

ಪಾದದ ಉರಿ ಶಮನಕ್ಕಾಗಿ ಬಿಸಿನೀರಿನಲ್ಲಿ ಕಾಲಿಡುವುದು, ಬಿಸಿನೀರಿನ ಚೀಲವಿಡುವುದು ಅಥವಾ ಮಂಜುಗಡ್ಡೆ ಒತ್ತುವುದು ಅಪಾಯಕರ. ಉರಿಯುವ ಪಾದದಲ್ಲಿಯೇ ಬಿಸಿಯ ಅರಿವು ಕುಗ್ಗಿರುವುದರಿಂದ, ಸುಟ್ಟ ಗಾಯವಾದರೂ ತಿಳಿಯದೆ ಹುಣ್ಣಾಗಬಹುದು. ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಸಕ್ಕರೆಯ ಪ್ರಮಾಣ ಹೆಚ್ಚಿರುವುದರ ಸೂಚನೆಯಿರಬಹುದು. ನಡುರಾತ್ರಿ ಬೆವರು, ನಡುಕ, ಎದೆಬಡಿತದೊಂದಿಗೆ ಎಚ್ಚರವಾದರೆ ಸಕ್ಕರೆ ತೀರ ಕುಸಿದಿರುವ ಸಾಧ್ಯತೆಯಿದ್ದು, ಅದನ್ನು ನರನೋವೆಂದು ಕಡೆಗಣಿಸಬಾರದು. ಮಂಪರಿನಲ್ಲಿ ಏಳುವ ವೃದ್ಧರು ಬೀಳದಂತೆ, ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪವಿರಬೇಕು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಈ ಔಷಧವನ್ನು ಯಾವ ಗಂಟೆಗೆ ಸೇವಿಸಬೇಕು? ಸಮಯ ಬದಲಿಸಬಹುದೇ?
2. ಸೇವಿಸುತ್ತಿರುವ ಇತರ ಔಷಧಗಳೊಂದಿಗೆ ಇದು ಹೊಂದುತ್ತದೆಯೇ?
3. ಮೂತ್ರಪಿಂಡ ಹಾಗೂ ಬಿ12 ಪರೀಕ್ಷೆ ಅಗತ್ಯವೇ?
4. ಗೊರಕೆ, ಉಸಿರು ಕಟ್ಟುವಿಕೆ ಅಥವಾ ಕಾಲು ಆಡಿಸದೆ ಇರಲಾಗದ ಚಡಪಡಿಕೆ ಇದೆ. ಇದು ಬೇರೆ ನಿದ್ರಾ ಕಾಯಿಲೆಯೇ?
5. ವಾಹನ ಅಥವಾ ಯಂತ್ರ ಚಲಾಯಿಸಬಹುದೇ? (ಮಂಪರು ಇರುವವರೆಗೆ ಚಲಾಯಿಸಬಾರದು.)

ವಿಳಂಬ ಮಾಡಬಾರದ ಸಂದರ್ಭಗಳು

ಉಸಿರಾಟ ನಿಧಾನವಾಗುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಕಾಲುಗಳಲ್ಲಿ ಹೊಸದಾಗಿ ಬಲಹೀನತೆ, ಮಲಮೂತ್ರದ ಹಿಡಿತ ತಪ್ಪುವುದು, ಮುಖ ಊದಿಕೊಳ್ಳುವುದು ಕಂಡುಬಂದಲ್ಲಿ ಕೂಡಲೇ 108 ಆಂಬುಲೆನ್ಸ್ ಸೇವೆಯನ್ನು ಪಡೆಯಬೇಕು.

ನೋವು ಮತ್ತು ನಿದ್ರಾಹೀನತೆಯಿಂದ ಬೇಸತ್ತವರಲ್ಲಿ ಜೀವನವೇ ಬೇಡವೆಂಬ ಆಲೋಚನೆ ಬರುವುದುಂಟು. ಈ ಔಷಧಗಳಲ್ಲಿ ಕೆಲವು ಸಹ ಅಪರೂಪಕ್ಕೆ ಇಂತಹ ಆಲೋಚನೆಗೆ ಕಾರಣವಾಗಬಹುದು. ಇದು ನಾಚಿಕೆಪಡುವ ವಿಷಯವಲ್ಲ. ಮನೆಯವರಿಗೆ ಹಾಗೂ ವೈದ್ಯರಿಗೆ ಅಂದೇ ತಿಳಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಚಿಕಿತ್ಸೆ ದೊರೆಯುವ ಸ್ಥಳಗಳು

ಮಧುಮೇಹದ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾಡಿಸಿಕೊಳ್ಳಬಹುದು. ನಿದ್ರೆ ಮತ್ತು ಮನಸ್ಸಿನ ತೊಂದರೆಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರ ಸಲಹೆ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ ಹಾಗೂ ಮನೋವೈದ್ಯಕೀಯ ಚಿಕಿತ್ಸೆಗಳೆರಡೂ ಒಂದೇ ಆವರಣದಲ್ಲಿ ದೊರೆಯುತ್ತವೆ. ಭೇಟಿಯ ಸಮಯದಲ್ಲಿ ಹಳೆಯ ಚೀಟಿಗಳು, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು ಹಾಗೂ ನಿದ್ರಾ ದಾಖಲೆಯನ್ನು ತಪ್ಪದೆ ತರಬೇಕು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಔಷಧದ ಪ್ರಮಾಣವನ್ನಾಗಲಿ ಸಮಯವನ್ನಾಗಲಿ ವೈದ್ಯರನ್ನು ಕೇಳದೆ ಬದಲಾಯಿಸಬಾರದು.